ಹರಿಗೋಲಿನ ಮೇಲೆ ಅರಿಶಿನದ ಕೈ

ನನ್ನ ಮೊಮ್ಮಗಳು ಭಾಗಿಯ ಎರಡನೆಯ ತರಗತಿಯ ಪುಸ್ತಕದಲ್ಲಿ ಒಂದು ಪುಟದ ಮೇಲೆ ನನ್ನ ಬಲಗೈ ಮೂಡಿದೆ. ಅರಿಶಿನದ ಕೈ, ಐದು ಬೆರಳೂ ಸ್ಪಷ್ಟ. ಅದರಡಿ ಹರಿಗೋಲೊಂದರ ಚಿತ್ರವಿದೆ. ಕೃಷ್ಣೆಯ ನೀರಿನಲ್ಲಿ ತೇಲಬೇಕಾದದ್ದು, ಪಾಪ, ಬೇಳೆಸಾರಿನಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಪುಸ್ತಕಕ್ಕೆ ಎಂಜಲು ಕೈ ತಾಗಿಸಬೇಡಿರೆಂದು ಮನೆಮಂದಿಗೆಲ್ಲ ಗದರುವವಳು ನಾನೇ. ಆ ಕೈ ಅಲ್ಲಿಗೆ ಹೇಗೆ ಹೋಯಿತೆಂದು ಹೇಳುತ್ತೇನೆ. ಸ್ವಲ್ಪ ಕಾಲು ಚಾಚಿ ಕೂರುತ್ತೇನೆ, ತಪ್ಪು ತಿಳಿಯಬೇಡಿ, ದಿನವಿಡೀ ನಿಂತ ಕಾಲು.

ನಾನು ಊರ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅಡುಗೆಕೋಣೆಗೂ ಎಳೆಯ ಮಕ್ಕಳ ತರಗತಿಗೂ ನಡುವೆ ಇರುವುದು ಒಂದೇ ಗೋಡೆ. ಬೋಗುಣಿ ಎತ್ತಿ ಇಳಿಸಿ ರಟ್ಟೆ ಸೋತಿದೆ, ಸೊಂಟ ಸೋತಿದೆ. ಆದರೆ ಆ ಗೋಡೆಯ ಪುಣ್ಯದಿಂದ ಕಿವಿ ಮಾತ್ರ ವಿದ್ಯಾವಂತವಾಯಿತು. ಸುರಪುರದಿಂದ ಬಸ್ಸಿಗೆ ಬರುವ ನಮ್ಮ ಟೀಚರು ವರ್ಣಮಾಲೆಯನ್ನು ತಲೆಯಿಂದ ಬಾಲದವರೆಗೆ ಒದರಿಸುವುದಿಲ್ಲ. ರ, ಗ, ಸ, ದ, ಅ ಎಂದು ಐದೇ ಅಕ್ಷರ ಹಿಡಿಯುತ್ತಾರೆ, ಒಂದೊಂದರ ಸಪ್ಪಳವನ್ನು ಮಕ್ಕಳ ಬಾಯಲ್ಲಿ ಕೂರಿಸುತ್ತಾರೆ, ಆಮೇಲೆ ಸಪ್ಪಳಕ್ಕೆ ಸಪ್ಪಳ ಪೋಣಿಸಿ, ಅ... ರ... ಸ... ಎಂದು ಎಳೆದೆಳೆದು, ತಟ್ಟನೆ ‘ಅರಸ’ ಎನ್ನಿಸುತ್ತಾರೆ. ಗೋಡೆಯೀಚೆ ಸೌಟು ಹಿಡಿದುಕೊಂಡೇ ನಾನೂ ಬೇಳೆಚೀಲದ ಮೇಲಿನ ಹೆಸರನ್ನು ಹಾಗೆ ಪೋಣಿಸಿ ಓದಿದೆ, ಐವತ್ತು ದಾಟಿದ ಮೇಲೆ.

ಚಿಕ್ಕವಳಿದ್ದಾಗ ಎರಡು ವರ್ಷ ತವರೂರಿನ ಶಾಲೆಗೆ ಹೋಗಿದ್ದೆ. ‘ಕ ತಲಕಟ್ಟ ಕ, ಕ ಇಳಿ ಕಾ, ಕ ಗುಡಿಸ ಕಿ’ ಎಂದು ಬಳ್ಳ ತುಂಬಿ ಸುರಿದಂತೆ ಹೇಳುತ್ತಿದ್ದೆ. ಮಾಸ್ತರರು ನನ್ನನ್ನೇ ಮುಂದೆ ನಿಲ್ಲಿಸಿ ಎಲ್ಲರಿಂದ ಹೇಳಿಸುತ್ತಿದ್ದರು. ಒಂದು ದಿನ ಅವರು ಹಲಗೆಯ ಮೇಲೆ ನಡುವಿನ ಒಂದೇ ಅಕ್ಷರ ಬರೆದು ಇದೇನೆಂದು ಕೇಳಿದರು. ಮೊದಲಿನಿಂದ ಮನಸ್ಸಿನಲ್ಲೇ ಹೇಳಿಕೊಂಡು ಬಂದರೂ ಆ ಅಕ್ಷರದ ಮನೆ ಸಿಗಲಿಲ್ಲ. ಹುಡುಗರು ನಕ್ಕರು. ಮರುದಿನ ನಾನು ಪಾಟಿ ಬಿಟ್ಟು ಮೆಣಸಿನಕಾಯಿ ಬಿಡಿಸಲು ಅವ್ವನ ಹಿಂದೆ ಹೋದೆ. ಆ ನಗೆಗೆ ಈಗಲೂ ನನ್ನ ಕಿವಿಯಲ್ಲಿ ವಯಸ್ಸಾಗಿಲ್ಲ.

ಹೀಗಿರುವಾಗ ಗೋಡೆಯಾಚೆ ಭಾಗಿಯ ದನಿ ಕೇಳಿಬರತೊಡಗಿತು. ಉಳಿದ ಮಕ್ಕಳು ಎಡವುತ್ತ, ಉಗುಳು ನುಂಗುತ್ತ ಓದಿದರೆ ನನ್ನ ಭಾಗಿ ನಿಲ್ಲದೆ ಓದುತ್ತಿದ್ದಳು. ಜೊತೆಗೆ ಅಡುಗೆ ಮಾಡುವ ಮಲ್ಲಮ್ಮ ಕಣ್ಣು ಮಿಟುಕಿಸಿದಳು: “ಯಕ್ಕಾ, ನಿನ್ನ ಮೊಮ್ಮಗಳು ಯಾದಗಿರಿ ಟೇಶನ್ನಾಗ ನಿಲ್ಲದ ರೈಲು ನೋಡು!” ನಾನು ಉಬ್ಬಿಹೋದೆ. ಶನಿವಾರದ ಪಾಲಕರ ಸಭೆಯಲ್ಲಿ ಎಲ್ಲರೆದುರು ಓದಲು ಟೀಚರು ಅವಳನ್ನೇ ಆರಿಸಿದಾಗಂತೂ ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ.

ಆದರೆ ರಾತ್ರಿಯೆಲ್ಲ ಆ ನಿಲ್ಲದ ರೈಲು ನನ್ನ ಎದೆಯ ಮೇಲೆ ಓಡಿತು. ಅಷ್ಟು ನುಣ್ಣಗಿನ ದನಿಯ ಗುರುತು ನನಗಿತ್ತು. ಅದು ನನ್ನದೇ ದನಿ.

ಶುಕ್ರವಾರ ಊಟ ಮುಗಿದ ಮೇಲೆ ಭಾಗಿ ಓದಿ ತೋರಿಸಲು ಅಡುಗೆಕೋಣೆಗೆ ಬಂದಳು. ಕೈ ತೊಳೆಯುವಷ್ಟೂ ತಾಳ್ಮೆಯಿಲ್ಲದೆ ನಾನು ಎಲ್ಲೋ ಒಂದು ಪುಟ ತೆರೆದೆ, ಅದರ ಚಿತ್ರವನ್ನು ಅಂಗೈಯಿಂದ ಮುಚ್ಚಿದೆ.

“ಓದವ್ವ.”

ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು. ಆಮೇಲೆ ಧೈರ್ಯವಾಗಿ ಶುರುಮಾಡಿದಳು: “ಆಡು ಮಾಳಿಗೆ ಏರಿತು. ಅಜ್ಜಿ ಕೋಲು ತಂದಳು...”

ಕೈ ತೆಗೆದೆ. ಅಡಿಯಲ್ಲಿ ಹರಿಗೋಲು; ಆಡಿನ ಪಾಠ ಬೇರೆ ಪುಟದ್ದು. ಹುಡುಗಿ ಆಡನ್ನು ನದಿಗೆ ಇಳಿಸಿಬಿಟ್ಟಿದ್ದಳು. ನಗಬೇಕೆಂದುಕೊಂಡೆ, ಆಗಲಿಲ್ಲ.

ಹಾಗೆಯೇ ಟೀಚರ ಬಳಿ ಹೋದೆ. “ನಾಳಿನ ಸಭಾದಾಗ ನನ್ನ ಮೊಮ್ಮಗಳ ಹೆಸರು ತೆಗೀರಿ.”

“ಯಾಕ್ರೀ ಆಯಿ? ಛಲೋ ಓದ್ತಾಳಲ್ರೀ.”

“ಓದಂಗಿಲ್ರಿ, ಚಿತ್ರ ನೋಡಿ ಬಾಯಿಪಾಠ ಹೇಳ್ತಾಳ. ನಾನೂ ಹಂಗೇ ಹೇಳಾಕಿ ಇದ್ದೆ.”

ಟೀಚರು ಕಪಾಟು ತೆರೆದು ಐದು ಅಕ್ಷರದ ರಟ್ಟಿನ ಚೀಟಿಗಳನ್ನು ನನ್ನ ಸೆರಗಿನಲ್ಲಿ ಹಾಕಿದರು. “ನನಗ ಗೊತ್ತೇ ಆಗಿಲ್ಲ ನೋಡ್ರಿ. ಮೊದಲಿಂದ ಹಿಡಿಯೋಣು. ಇಲ್ಲಿ ನಾನು, ಮನ್ಯಾಗ ನೀವು.”

ಭಾಗಿ ಅತ್ತಳು, ಜಡೆ ಹಾಕಿಸಿಕೊಳ್ಳಲಿಲ್ಲ. “ನೀ ನನ್ನ ಆಯಿ ಅಲ್ಲ, ಆ ಆಡಿನ ಆಯಿ!” ಎಂದಳು. ಅವಳ ಅವ್ವ, ನನ್ನ ಮಗಳು, ಕೊಂಕಲ್ ಕಡೆ ಹತ್ತಿ ಬಿಡಿಸಿ ಬಂದವಳು, ಊಟ ಬಿಟ್ಟು ಇಬ್ಬರ ಮುಖವನ್ನೂ ನೋಡುತ್ತ ಕುಳಿತಳು. ಮೊಮ್ಮಗಳ ಹೆಸರನ್ನು ನನ್ನ ಬಾಯಿಂದಲೇ ಅಳಿಸಿದೆನಲ್ಲ ಎಂದುಕೊಳ್ಳುತ್ತ ನಾನೂ ತಾಟು ಬದಿಗೆ ಸರಿಸಿದೆ.

ಆಮೇಲಿನ ಸಂಜೆಗಳ ದಣಿವನ್ನು ಹೇಗೆ ಹೇಳಲಿ? ಅವಳು ಆಕಳಿಸುತ್ತಾಳೆ, ನಾನು ತೂಕಡಿಸುತ್ತೇನೆ, ನಡುವೆ ‘ಗ’ ಅಂಗಾತ ಬಿದ್ದುಕೊಂಡಿರುತ್ತದೆ. ಒಂದು ಸಂಜೆ ‘ಗರಗಸ’ವನ್ನು ಕೂಡಿಸುವಷ್ಟರಲ್ಲಿ ಒಲೆಯ ಮೇಲಿನ ರೊಟ್ಟಿ ಕರಕಲಾಯಿತು. ಆಗೆಲ್ಲ ನನಗೊಂದು ಯೋಚನೆ: ನಾವು ದಿನವೂ ಎಷ್ಟನ್ನು ಬಾಯಿಪಾಠದಿಂದ ಒಪ್ಪಿಸುತ್ತೇವೆ! ದಾರಿಯಲ್ಲಿ ಯಾರಾದರೂ “ಆರಾಮೇನ್ರಿ?” ಎಂದರೆ “ಆರಾಮ್ರಿ” ಎನ್ನುತ್ತೇವೆ. ಒಳಗಿನ ಪುಟ ಯಾವುದೆಂದು ಒಮ್ಮೆಯಾದರೂ ನೋಡಿ ಹೇಳಿದ್ದೇವೆಯೇ, ನೀವೇ ಹೇಳಿ. ಎಡವದೆ ಹೇಳುವ ಮಾತನ್ನು ಜನ ಬೇಗ ನಂಬುತ್ತಾರೆ. ನಿಜ ಓದುವವರು ಮಾತ್ರ ಎಡವುತ್ತಾರೆ.

ಐದರ ಮೇಲೆ ಐದು ಅಕ್ಷರ, ಆಮೇಲೆ ಕಾಗುಣಿತ, ಹೀಗೆ ತಿಂಗಳುಗಳು ಕಳೆದವು. ನಿನ್ನೆ ಸಂಜೆ ಭಾಗಿ ತಾನಾಗಿಯೇ ಆ ಹರಿಗೋಲಿನ ಪುಟ ತೆರೆದಳು. ನಾನು ಕೈ ಚಾಚುವ ಮೊದಲೇ ನನ್ನ ಹಳದಿ ಅಂಗೈ ಗುರುತಿನ ಮೇಲೆ ತನ್ನ ಅಂಗೈ ಇಟ್ಟಳು. ಪುಟ್ಟ ಕೈ, ಸುತ್ತಲೂ ನನ್ನ ಬೆರಳ ತುದಿಗಳು ಹೊರಗೆ ಉಳಿದವು. “ಹ... ರಿ... ಗೋ...” ಎಂದಳು. ನಿಂತಳು. ಉಗುಳು ನುಂಗಿದಳು. “...ಲು. ಹರಿಗೋಲು! ಹರಿಗೋಲು ನದಿ... ದಾ... ಟಿ... ತು.” ಎಷ್ಟು ಕುಂಟು ಓದು, ಎಷ್ಟು ಒರಟು ಓದು! ಈ ಸೋತ ರಟ್ಟೆಯಿಂದ ಅವಳನ್ನೆತ್ತಿ ಮನೆ ಮುಂದಿನ ಇಡೀ ಮುದನಾಳ ರಸ್ತೆಗೆ ಕೇಳುವಂತೆ ಕೂಗಬೇಕೆನಿಸಿತು. ಎತ್ತಲಾಗಲಿಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು ಕುಳಿತೇ ಇದ್ದೆ.

ಅವಳು ತಲೆಯೆತ್ತಿ ನನ್ನ ಮುಖವನ್ನು ಆ ಪುಟದಷ್ಟೇ ನಿಧಾನವಾಗಿ ನೋಡಿದಳು. “ಆಯಿ, ದಣಿದೀ ಏನು?”

ಆರಾಮ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಡೆದೆ.

“ಹೂಂ ಅವ್ವ, ಭಾಳ ದಣಿದೀನಿ. ಇನ್ನೊಂದು ಸಾಲು ಓದು.”