ಎರಡೂ ಓಣಿಗಳ ಅಕ್ಕೋರು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಪ್ರಾಥಮಿಕ ಶಾಲೆಗಳಲ್ಲಿ ಅಕ್ಷರ ಕಲಿಸಿ ಹೋದವರು ಬಹಳ ಮಂದಿ. ವರ್ಗವಾಗಿ ಹೋದ ಮೇಲೂ ಊರವರು ಮಗಳ ಮದುವೆ ಗೊತ್ತುಮಾಡುವ ಮುಂಚೆ ಒಂದು ಮಾತು ಕೇಳಿಬರಲು ಹುಡುಕಿಕೊಂಡು ಹೋಗುವಂಥವರು ಮಾತ್ರ ಕೆಲವರೇ. ಆ ಕೆಲವರಲ್ಲಿ ಒಬ್ಬರಾದ ಶ್ರೀಮತಿ ಸುಮಿತ್ರಾಬಾಯಿಯವರು ಈ ವರ್ಷ, ೧೯೯೬ರ ಮಾರ್ಚ್ ಕೊನೆಗೆ, ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಅವರೊಡನೆ ಕೆಲವು ವರ್ಷ ಒಂದೇ ಶಾಲೆಯಲ್ಲಿ ದುಡಿದ ನಾನು ಈ ಅಭಿನಂದನ ಗ್ರಂಥಕ್ಕೆ ನಾಲ್ಕು ಮಾತು ಬರೆಯುವುದು ನನ್ನ ಪಾಲಿನ ಕರ್ತವ್ಯವೆಂದು ತಿಳಿಯುತ್ತೇನೆ.

ಕಡಗಂಚಿಯಲ್ಲಿ ಸೇವೆಗೆ ಸೇರಿದ ಬಾಯಿಯವರು ೧೯೭೪ರಲ್ಲಿ ಸರಸಂಬಾ ದಾರಿಯ ನಮ್ಮೂರಿನ ಸರ್ಕಾರಿ ಶಾಲೆಗೆ ಬಂದರು. ಐದು ವರ್ಷದ ನಂತರ ನಾನು ಸಹಶಿಕ್ಷಕನಾಗಿ ಅದೇ ಶಾಲೆ ಸೇರಿದಾಗ, ಶಾಲೆಯ ಕಪಾಟಿನಲ್ಲಿ ಸೀಮೆಸುಣ್ಣದ ಡಬ್ಬಿಯ ಪಕ್ಕದಲ್ಲಿ ಒಂದು ಬಾಚಣಿಗೆಯೂ ಕೊಬ್ಬರಿ ಎಣ್ಣೆಯ ಶೀಶೆಯೂ ಇದ್ದುದನ್ನು ಕಂಡು ಸೋಜಿಗಪಟ್ಟೆ. ತೊಗರಿಯ ಕಳೆ ತೆಗೆಯಲು ನಸುಕಿನಲ್ಲೇ ಹೊಲಕ್ಕೆ ಹೋದ ತಾಯಂದಿರ ಮಕ್ಕಳಿಗೆ ಪ್ರಾರ್ಥನೆಗೆ ಮುಂಚೆ ತಲೆ ಬಾಚುವುದು ಅವರ ನಿತ್ಯದ ಕೆಲಸವಾಗಿತ್ತು. ಗದ್ದಲದ ಒಂದನೆಯ ತರಗತಿಯನ್ನು ಹೊಸದಾಗಿ ಬಂದವರ ಕೊರಳಿಗೆ ಕಟ್ಟುವುದು ಎಲ್ಲ ಶಾಲೆಗಳ ರೂಢಿ. ಬಾಯಿಯವರು ಅದನ್ನು ತಾವೇ ಇಟ್ಟುಕೊಂಡು ನನಗೆ ನಾಲ್ಕನೆಯದನ್ನು ಕೊಡಿಸಿದರು.

ನಮ್ಮೂರಿನದೊಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಹೊಸ ಮುಖ್ಯಗುರುಗಳು ಬಂದ ದಿನ ಅವರ ತಲೆಗೆ ರುಮಾಲು ಸುತ್ತಿ ಬರಮಾಡಿಕೊಳ್ಳುತ್ತಿದ್ದರು. ಗೌರವದ ಪದ್ಧತಿಯೇ ಸರಿ; ಆದರೆ ಮೇಲಿನ ಓಣಿಯವರು ರುಮಾಲು ಸುತ್ತಿದರೆ ಅವರು ಮೇಲಿನ ಓಣಿಯ ಗುರುಗಳು, ಕೆಳಗಿನ ಓಣಿಯವರು ಸುತ್ತಿದರೆ ಕೆಳಗಿನ ಓಣಿಯವರು ಎಂದಾಗಿಬಿಟ್ಟಿತ್ತು. ಒಬ್ಬರಿಗೆ ವರ್ಗವಾದರೆ ಒಂದು ಓಣಿ ಮುಖ ಬಾಡಿಸುವುದು, ಇನ್ನೊಂದು ಓಣಿ ಚಹಾ ಹಂಚುವುದು. ರುಮಾಲು ಸುತ್ತಿಸಿಕೊಂಡವರು ತಾವಾಗಿ ಬಿಟ್ಟುಹೋಗುವುದೆಂದರೆ ಸುತ್ತಿದವರ ಮುಖಕ್ಕೆ ಹೊಡೆದಂತೆ.

೧೯೮೧ರ ಮಳೆಗಾಲದಲ್ಲಿ, ಮೇಲಿನ ಓಣಿಯವರ ಪ್ರೀತಿಯ ಮುಖ್ಯಗುರು ಬಸವಂತರಾಯರಿಗೆ ಜೇವರ್ಗಿಗೆ ವರ್ಗವಾಯಿತು. ಹಿರಿಯ ಶಿಕ್ಷಕಿಯಾದ ಸುಮಿತ್ರಾಬಾಯಿಯವರಿಗೆ ಪ್ರಭಾರ ಬಂತು. ಕೆಳಗಿನ ಓಣಿಯವರೇ ಅರ್ಜಿ ಬರೆದು ಗುರುಗಳನ್ನು ಓಡಿಸಿದರೆಂದೂ, ಖುರ್ಚಿಯ ಆಸೆಗೆ ಬಾಯಿಯವರು ಅದರಲ್ಲಿ ಕೈಜೋಡಿಸಿದರೆಂದೂ ಮೇಲಿನ ಓಣಿಯಲ್ಲಿ ಮಾತು ಹಬ್ಬಿತು. ಆ ಓಣಿಯ ಮುಂದಾಳು ಧರ್ಮಣ್ಣನವರು ಪಾಲಕರ ಸಭೆಯಲ್ಲಿ ಎದ್ದು ನಿಂತು, "ಬಸವಂತರಾಯ ಗುರುಗಳು ತಿರುಗಿ ಬರೂತನಕ ನಮ್ಮ ಮಕ್ಕಳು ಈ ಸಾಲಿ ಮೆಟ್ಟಲಾ ಹತ್ತಂಗಿಲ್ಲ" ಎಂದರು. ಮರುದಿನದಿಂದ ಮೇಲಿನ ಓಣಿಯ ಮಕ್ಕಳೆಲ್ಲ ತಮ್ಮ ಓಣಿಯ ಮಠದ ಪಡಸಾಲೆಯಲ್ಲಿ ಕುಳಿತರು. ಅವರಲ್ಲಿ ಧರ್ಮಣ್ಣನವರ ಮಗಳು ಮಲ್ಕಮ್ಮನೂ ಇದ್ದಳು. ಅವಳದು ಏಳನೆಯ ತರಗತಿ, ಪಬ್ಲಿಕ್ ಪರೀಕ್ಷೆಯ ವರ್ಷ. ಆ ಕಾಲದಲ್ಲಿ ಒಂದು ವರ್ಷ ತಪ್ಪಿದ ಹೆಣ್ಣುಮಗಳು ಮತ್ತೆ ಶಾಲೆಗೆ ಬಂದದ್ದನ್ನು ನಮ್ಮಲ್ಲಿ ಯಾರೂ ಕಂಡಿರಲಿಲ್ಲ.

ಬಾಯಿಯವರು ಯಾರ ಮನೆಗೂ ಹೋಗಿ ಸಮಜಾಯಿಷಿ ಹೇಳಲಿಲ್ಲ. ಮಧ್ಯಾಹ್ನದವರೆಗೆ ಶಾಲೆಯಲ್ಲಿ ಕಲಿಸಿ, ಉಳಿದ ತರಗತಿಗಳನ್ನು ನಮಗೊಪ್ಪಿಸಿ, ಭೂಪಟ ಸುತ್ತಿ ಬಗಲಲ್ಲಿಟ್ಟುಕೊಂಡು ಮಠಕ್ಕೆ ನಡೆದರು. ಬೆಳಿಗ್ಗೆ ಶಾಲೆಯಲ್ಲಿ ಎಲ್ಲ ತರಗತಿಗಳಿಗೂ ಆದ ಪಾಠವನ್ನೇ ಅಲ್ಲಿ ಮತ್ತೆ ಹೇಳಿದರು. ಮೊದಲ ದಿನ ಮೇಲಿನ ಓಣಿಯ ಗಂಡಸರು ಹೊರಗಿನ ಕಟ್ಟೆಯ ಮೇಲೆ ಕುಳಿತು, ಈಕೆಗೆ ಖುರ್ಚಿ ಸಿಕ್ಕರೂ ಕೂಡಲಿಕ್ಕೆ ಬರುವುದಿಲ್ಲವೆಂದು ಅವರಿಗೆ ಕೇಳುವಂತೆಯೇ ಆಡಿಕೊಂಡರು. ಸ್ವಾಮಿಗಳು ಬಾಗಿಲು ಹಾಕಿಸಲಿಲ್ಲವಾದ್ದರಿಂದ ಯಾರೂ ತಡೆಯಲಿಲ್ಲ.

ಕೆಳಗಿನ ಓಣಿಯವರಿಗೂ ಇದು ಸೇರಲಿಲ್ಲ. ಒಂದು ದಿನ ಫಕ್ರುನ್ನಿಸಾ ಎಂಬ ತಾಯಿ ದಾರಿಗೆ ಅಡ್ಡ ನಿಂತರು.

"ಅಕ್ಕೋರ, ನಿಮಗ ಬೈಯೋರ ಮಕ್ಕಳಿಗಿ ನೀವಽ ಕಲಸಾಕ ಹೊಂಟೀರಲ್ಲ. ನಮ್ಮ ಮಕ್ಕಳ ಪಾಲಿನ ವ್ಯಾಳ್ಯಾ ಅದು."

"ನಿನ್ನ ಮಗಳ ಮಗ್ಗಲಿಗಿ ಕೂಡೋರು ಅವರಽ ಅಲ್ಲೇನವಾ? ಬಂದಾಗ ಹಿಂದ ಬಿದ್ದಿದ್ರ ಆಮ್ಯಾಲ ಎಲ್ಲಾರೂ ಅವರ ಸಲುವಾಗಿ ನಿಂದ್ರಬೇಕಾಗ್ತದ."

ಹೀಗೆ ದೀಪಾವಳಿ ಬಂತು, ಹೋಯಿತು. ಪರೀಕ್ಷೆಗೆ ಹೆಸರು ಕಳಿಸುವ ದಿನ ಹತ್ತಿರವಾಯಿತು. ಶಾಲೆಗೆ ಬಾರದ ಮಕ್ಕಳ ಹೆಸರನ್ನು ಕಳಿಸುವಂತಿಲ್ಲವೆಂದು ಆಳಂದದ ಶಿಕ್ಷಣ ಕಚೇರಿಯಿಂದ ಹೇಳಿಕಳಿಸಿದ್ದರು. ಆಗ ಧರ್ಮಣ್ಣನವರು ಗುರುಗಳನ್ನು ಕರೆದುಕೊಂಡೇ ಬರುತ್ತೇನೆಂದು ಜೇವರ್ಗಿಯ ಬಸ್ಸು ಹತ್ತಿದರು.

ಅಲ್ಲಿ ಅವರು ಕಂಡದ್ದು ಬೇರೆ. ಬಸವಂತರಾಯರ ಹೆಂಡತಿ ಲಕ್ವಾ ಹೊಡೆದು ತವರಿನಲ್ಲಿ ಹಾಸಿಗೆ ಹಿಡಿದಿದ್ದರು; ಗುರುಗಳು ತಾವಾಗಿಯೇ ಬೇಡಿ ವರ್ಗ ಮಾಡಿಸಿಕೊಂಡಿದ್ದರು. ರುಮಾಲು ಸುತ್ತಿದವರಿಗೆ ಇದನ್ನು ಹೇಳುವ ಧೈರ್ಯ ಅವರಿಗೆ ಬಂದಿರಲಿಲ್ಲ. ಹೊರಡುವಾಗ ಸುಮಿತ್ರಾಬಾಯಿಯವರೊಬ್ಬರಿಗೆ ತಿಳಿಸಿ, ಊರಲ್ಲಿ ಬಾಯಿ ಬಿಡಬಾರದೆಂದು ಮಾತು ತೆಗೆದುಕೊಂಡಿದ್ದರು.

ಮರುದಿನ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಧರ್ಮಣ್ಣನವರು ಶಾಲೆಯ ಅಂಗಳಕ್ಕೆ ಬಂದರು. ನಾವೆಲ್ಲ ಅಲ್ಲೇ ಇದ್ದೆವು.

"ಗುರುಗಳು ತಾವಽ ಕೇಳಿ ಹೋಗ್ಯಾರಂತ. ನಿಮಗ ಗೊತ್ತಿತ್ತಂತ. ಮತ್ತ ಇಷ್ಟ ದಿನ ನಮ್ಮ ಬೈಗಳ ಯಾಕ ತಿಂದ್ರಿ, ಅಕ್ಕೋರ?"

"ಹೇಳಬ್ಯಾಡ್ರಿ ಅಂದಿದ್ರು, ಹೇಳಲಿಲ್ಲ. ಅದಿರಲಿ, ಮಲ್ಕಮ್ಮ ಎಲ್ಲದಾಳ?"

"ಮಠದಾಗ ಅದಾಳ್ರಿ."

"ಕರ್ಕೊಂಡ ಬರ್ರಿ. ಇವತ್ತರೆ ಆ ಕಡಿ ನಡಿಯೂದು ತಪ್ಪಲಿ ನನಗ."

ಧರ್ಮಣ್ಣನವರು ತಲೆ ತಗ್ಗಿಸಿ ಹೋದರು. ಸ್ವಲ್ಪ ಹೊತ್ತಿನಲ್ಲಿ ಮೇಲಿನ ಓಣಿಯ ಮಕ್ಕಳು ಪಾಟಿಚೀಲ ಹಿಡಿದು ಸಾಲಾಗಿ ಬಂದರು. ಅವರು ಯಾವ ಪಾಠದಲ್ಲೂ ಹಿಂದೆ ಬಿದ್ದಿರಲಿಲ್ಲ.

ಒಂದು ಮಾತು ಹೇಳಿದ್ದರೆ ಅಷ್ಟು ತಿಂಗಳ ಜಗಳ ಅಂದೇ ಮುಗಿಯುತ್ತಿತ್ತಲ್ಲ, ಕೊಟ್ಟ ಮಾತು ದೊಡ್ಡದೋ ಮಕ್ಕಳ ವರ್ಷ ದೊಡ್ಡದೋ ಎಂದು ನಾನು ಒಮ್ಮೆ ಅವರನ್ನು ಕೇಳಿದ್ದುಂಟು. ಎರಡನ್ನೂ ಉಳಿಸಲಿಕ್ಕೆ ಎರಡು ಕಾಲು ಇದ್ದವಲ್ಲ ಎಂದು ನಕ್ಕರು. ಆ ಉತ್ತರ ನನಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಅವರಂತೆ ನಡೆಯುವ ಶಕ್ತಿ ನನ್ನಲ್ಲಿರಲಿಲ್ಲವೆಂಬುದೂ ನಿಜ.

ಮಲ್ಕಮ್ಮ ಪಾಸಾಗಿ ಆಳಂದದ ಹೈಸ್ಕೂಲಿಗೆ ಹೋದಳು. ಮುಂದಿನ ಜೂನ್‌ನಲ್ಲಿ ಕಾಯಂ ಮುಖ್ಯಗುರುಗಳು ಬಂದಾಗ ಬಾಯಿಯವರು ಪ್ರಭಾರ ಒಪ್ಪಿಸಿ, ಅದೇ ಗಂಟೆಗೆ ಒಂದನೆಯ ತರಗತಿಗೆ ಹೋಗಿ ಕುಳಿತರು. ನಂತರ ಬಡ್ತಿ ಪಡೆದು ಅಫಜಲಪುರ ತಾಲೂಕಿನಲ್ಲಿಯೂ ಕೊನೆಗೆ ಜೇವರ್ಗಿ ತಾಲೂಕಿನಲ್ಲಿಯೂ ಮುಖ್ಯಗುರುಗಳಾಗಿ ಸೇವೆ ಸಲ್ಲಿಸಿದರು.

ನಮ್ಮೂರಲ್ಲಿ ಮುಖ್ಯಗುರುಗಳು ಬದಲಾದಾಗ ಎರಡು ಓಣಿಗಳ ನಡುವೆ ಇಂದಿಗೂ ಮಾತಿಗೆ ಮಾತು ಬೆಳೆಯುತ್ತದೆ, ಸಭೆಯಲ್ಲಿ ಗದ್ದಲವಾಗುತ್ತದೆ. ಆದರೆ ಆ ವರ್ಷದ ನಂತರ ಯಾರೂ ಮಕ್ಕಳನ್ನು ಶಾಲೆ ಬಿಡಿಸಿಲ್ಲ. ಗಂಟೆ ಬಾರಿಸಿದ ಕೂಡಲೇ ಜಗಳ ಅಲ್ಲಿಗೇ ಬಿಟ್ಟು ಮಕ್ಕಳನ್ನು ಒಳಗೆ ಕಳಿಸುತ್ತಾರೆ. ಇದನ್ನು ಕಲಿಸಿದ ಸುಮಿತ್ರಾಬಾಯಿಯವರಿಗೆ ಬಸವಾದಿ ಶರಣರು ಗಟ್ಟಿ ಆಯುಷ್ಯ ಕೊಡಲಿ. ಮನೆಯಲ್ಲಿ ಸುಮ್ಮನೆ ಕೂಡುವವರಂತೂ ಅವರಲ್ಲ. ಅವರ ಕಾಲುಗಳಿಗೆ ಇನ್ನೂ ಬಹಳ ವರ್ಷ ಯಾವ ಓಣಿಗೂ ಹೋಗಿಬರುವ ಬಲವಿರಲಿ.