ಗುಳಿಗೆ ಊಟವಲ್ಲ ಎಂದವಳು ನಾನೇ

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಇಂಡಿ ಪಟ್ಟಣದಲ್ಲಿ ಶಾಲಾ ಶಿಕ್ಷಕಿ. ಅವ್ವ ಸಿಂದಗಿ ಹತ್ತಿರದ ನಮ್ಮೂರಲ್ಲಿ, ಅಣ್ಣನ ಮನೆಯಲ್ಲಿ. ಅವಳ ಮೊಣಕಾಲು ನೋವಿಗೆ ಇಂಡಿಯ ಔಷಧದಂಗಡಿಯಿಂದ ವಾರಕ್ಕಾಗುವಷ್ಟು ಗುಳಿಗೆ ತಂದು ಪ್ರತಿ ರವಿವಾರ ಕೊಡುತ್ತಿದ್ದೆ. ಗುಳಿಗೆ ನುಂಗಿದ ಅವ್ವ ಸರಸರ ಓಡಾಡುವುದನ್ನು ಕಂಡು ನಾನು ಅರ್ಧ ಡಾಕ್ಟರೇ ಆಗಿಬಿಟ್ಟಿದ್ದೆ.

ಲಿಂಗಪೂಜೆ ಆಗದೆ ಅವ್ವ ಬಾಯಿಗೆ ಏನೂ ಹಾಕುವವಳಲ್ಲ. ಆದರೆ ಪೂಜೆಗೆ ಕೂರಲು ಮೊಣಕಾಲು ಮಡಚಬೇಕು, ಮಡಚಲು ಗುಳಿಗೆ ಬೇಕು.

"ಪೂಜಿಗಿಂತ ಮೊದ್ಲ ಹೆಂಗ ನುಂಗ್ಲಿ?" ಎಂದು ಕೇಳಿದಳು.

"ಗುಳಿಗಿ ಊಟ ಅಲ್ಲಬೇ ಅವ್ವಾ, ಔಷಧ. ನೇಮ ಕೆಡೂದಿಲ್ಲ" ಎಂದು ತೀರ್ಪು ಕೊಟ್ಟೆ.

ಅಂದಿನಿಂದ ದಿನಾ ನಸುಕಿನಲ್ಲಿ ಖಾಲಿ ಹೊಟ್ಟೆಗೆ ಎರಡು ಗುಳಿಗೆ. ಪೂಜೆ, ಕಸ, ಮುಸುರೆ ಎಲ್ಲ ಮುಗಿಸಿ ಅವಳು ರೊಟ್ಟಿ ಮುರಿಯುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತಿತ್ತು. ಹೊಟ್ಟೆ ಉರಿಯುತ್ತದೆ ಎಂದು ಒಮ್ಮೆ ಅಂದಳು. ಖಾರ ಕಡಿಮೆ ಮಾಡು ಎಂದು ಹೇಳಿ ನಾನು ಬಸ್ಸು ಹತ್ತಿದೆ.

ಒಂದು ರವಿವಾರ ಹೋದಾಗ ಅವ್ವ ಹಿತ್ತಲಲ್ಲಿ ಗೋಡೆ ಹಿಡಿದು ವಾಂತಿ ಮಾಡುತ್ತಿದ್ದಳು. ಸೋಸಿ ಬಿಟ್ಟ ಚಹಾಪುಡಿಯಂತೆ ಕಪ್ಪು, ನಡುನಡುವೆ ಕೆಂಪು. ನಾಲ್ಕು ದಿನದಿಂದ ಮಲವೂ ಡಾಂಬರಿನಂತೆ ಕಪ್ಪಗಿತ್ತಂತೆ. ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ.

ಯಾರದೋ ಜೀಪಿನಲ್ಲಿ ಸಿಂದಗಿಗೆ ಒಯ್ದೆವು. ಡಾಕ್ಟರು ಅವಳ ಹೊಟ್ಟೆ ಮುಟ್ಟಿ ನೋಡಿ, ನಸುಕಿನ ಗುಳಿಗೆಯ ವಿಷಯ ಕೇಳಿ, ಅದರ ಪೊಟ್ಟಣ ಕೈಯಲ್ಲಿ ಹಿಡಿದು ನನ್ನತ್ತ ತಿರುಗಿದರು.

"ಇದನ್ನ ಖಾಲಿ ಹೊಟ್ಟೀಲೆ ನುಂಗಂತ ಯಾರ್ ಹೇಳಿದ್ರಿ, ಸಾಲಿ ಬಾಯಾರ? ಜಠರದ ಒಳಪದರ ಸವದು ರಕ್ತ ಜಿನುಗಾಕತ್ತೈತಿ. ಇನ್ನೆರಡು ದಿನ ತಡಾ ಆಗಿದ್ರ ಇವ್ರು ಉಳೀತಿದ್ದಿಲ್ಲ."

ನೂರು ಮಕ್ಕಳಿಗೆ ಪಾಠ ಹೇಳುವ ನಾನು ಹೆತ್ತವಳನ್ನು ಕೈಯಾರೆ ಕೊಲ್ಲುತ್ತಿದ್ದೆ! ಖಾರವಂತೆ, ಖಾರ!

ಸಲಾಯಿನ್ ಏರಿಸಿ, ಎಂಟು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಆ ಗುಳಿಗೆ ಇನ್ನು ಮುಟ್ಟುವಂತಿಲ್ಲ. ಹೊಟ್ಟೆಯ ಉರಿ ತಣಿಸುವ ಬಿಳಿ ಔಷಧ ಹೊತ್ತುಹೊತ್ತಿಗೆ ಕುಡಿಯಬೇಕು, ಹೊಟ್ಟೆ ಖಾಲಿ ಬಿಡಬಾರದು, ಎದ್ದ ಕೂಡಲೇ ಮೆತ್ತಗಿನದೇನಾದರೂ ತಿನ್ನಬೇಕು. ಉಪವಾಸ ಬಿದ್ದರೆ ಮತ್ತೆ ರಕ್ತ ಬರಬಹುದು ಎಂದು ಎಚ್ಚರಿಸಿದ್ದರು.

ಮನೆಗೆ ಬಂದ ಮೊದಲ ಬೆಳಿಗ್ಗೆ, ರಜೆ ಹಾಕಿ ಉಳಿದಿದ್ದ ನಾನು ಜೋಳದ ನುಚ್ಚು ಮೆತ್ತಗೆ ಬೇಯಿಸಿ, ಹಾಲು ಹಾಕಿ ಒಯ್ದೆ. ಅವ್ವ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡು ಕೂತಿದ್ದಳು. ಪೂಜೆ ಇನ್ನೂ ಆಗಿರಲಿಲ್ಲ. ಬಟ್ಟಲನ್ನೇ ನೋಡಿದಳು.

"ಗುಳಿಗಿ ಊಟ ಅಲ್ಲ ಅಂದಿ, ನುಂಗಿದೆ. ಇದೂ ಊಟ ಅಲ್ಲ ಅಂತ ಹೇಳು, ತಿಂತೇನಿ."

"ಡಾಕ್ಟರ್ ಹೇಳ್ಯಾರಬೇ, ಇದು ಔಷಧ ಇದ್ದಂಗ ಅಂತ."

"ಡಾಕ್ಟರ್ ಮಾತು ಇರ್ಲಿ. ನೀ ಹೇಳು."

ಸಿಟ್ಟಿರಲಿಲ್ಲ, ಚುಚ್ಚುಮಾತೂ ಅಲ್ಲ. ಅವಳು ನನ್ನನ್ನು ಮೊದಲಿನಂತೆಯೇ ನಂಬಿದ್ದಳು. ಇದೂ ಊಟ ಅಲ್ಲಬೇ, ಔಷಧ ಎಂದೆ. ಅವ್ವ ಬಾಯಿ ತೆರೆದಳು. ನುಚ್ಚು ಆರಿದೆಯೇ ಎಂದು ಮೊದಲು ನನ್ನ ತುಟಿಗೆ ತಾಗಿಸಿ ನೋಡಿ, ಚಮಚವನ್ನು ಅವಳ ಬಾಯಿಗಿಟ್ಟೆ.