ಗಂಗಾವತಿಯಿಂದ ಬಂದ ಮೆತ್ತನೆಯ ಗಾಡಿ

ನನ್ನ ಗಂಡ ಗಂಗಾವತಿಯಿಂದ ಹಳೇ ಕಾರು ತಂದ ದಿನ ಯಲಬುರ್ಗಾದ ನಮ್ಮ ಓಣಿಯ ಮಂದಿಯೆಲ್ಲ ಒಬ್ಬರ ಹಿಂದೊಬ್ಬರು ಬಂದು ಅದರೊಳಗೆ ಗೇರಿನ ಪಕ್ಕದಲ್ಲಿದ್ದ ಒಂದು ಗುಂಡಿ ಒತ್ತಿ ಹೋದರು. ಗುಂಡಿಯ ಮೇಲೆ ಸ್ಪ್ರಿಂಗಿನ ಚಿತ್ರವಿತ್ತು. ಒತ್ತಿದರೆ ಸ್ಟೇರಿಂಗಿನ ಹಿಂದೆ ‘ಕಂಫರ್ಟ್’ ಎಂದು ಹಸಿರು ದೀಪ ಹೊತ್ತುತ್ತಿತ್ತು. ಒತ್ತಿದವರೆಲ್ಲ “ಅಬಾಬಾ!” ಎನ್ನುತ್ತಿದ್ದರು. ಗಾಡಿ ನಿಂತಲ್ಲೇ ನಿಂತಿತ್ತು. ಇವರಿಗೆ ಅದರಲ್ಲಿ ಯಾವ ಸುಖ ತಗುಲಿತೋ ದೇವರೇ ಬಲ್ಲ.

“ಎಲೆಕ್ಟ್ರಾನಿಕ್ ಸಸ್ಪೆನ್ಶನ್ ರೀ ಇದು,” ಎಂದು ನನ್ನ ಗಂಡ ಎಲ್ಲರಿಗೂ ಬಿಡಿಸಿ ಹೇಳಿದರು. “ರಸ್ತಾ ಹೆಂಗೈತಿ ಅಂತ ಗಾಡಿನ ನೋಡ್ಕೊಂತ ಹೋಗತೈತಿ. ತೆಗ್ಗು ಬಂದ್ರ ತಾನ ಮೆತ್ತಗಾಗತೈತಿ. ಒಳಗ ಕುಂತವರಿಗೆ ಗೊತ್ತ ಆಗಂಗಿಲ್ಲ. ನಮ್ಮಾಕಿ ನಡದ ಸಲುವಾಗಿ ತಂದೀನಿ.”

ನಮ್ಮಾಕಿ ಎಂದರೆ ನಾನು, ನಡ ಎಂದರೆ ನನ್ನ ಸೊಂಟ. ಬೇಸಿಗೆಯಲ್ಲಿ ಶಾವಿಗೆ ಒಣಹಾಕಿ ಮಾಳಿಗೆಯಿಂದ ಇಳಿಯುವಾಗ ನಿಚ್ಚಣಿಕೆ ಜಾರಿ ಬಿದ್ದಿದ್ದೆ. ಬೆನ್ನೆಲುಬಿನ ನಡುವಿನ ಮೆತ್ತೆಯೊಂದು ಹೊರಗೆ ಸರಿದು ನರ ಒತ್ತುತ್ತಿದೆ, ವಾರಕ್ಕೊಮ್ಮೆ ಬಂದು ನಡಕ್ಕೆ ಕರೆಂಟು ಹಿಡಿಸಿಕೊಂಡು ವ್ಯಾಯಾಮ ಕಲಿತು ಹೋಗಿ ಎಂದು ಕೊಪ್ಪಳದ ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ಒಮ್ಮೆ ಹೋಗಿ ಬಂದೆ. ಬಂದವಳು ಮೂರು ದಿನ ಏಳಲಿಲ್ಲ. ಅದನ್ನು ನೋಡಿಯೇ ಅವರು ಕಾರು ತಂದದ್ದು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಅವರ ಮೇಲೆ ನಾನು ಬಹಳ ಸಿಟ್ಟಾಗಲಿದ್ದೇನೆ.

ಮೊದಲ ಸಲ ಆ ಗಾಡಿಯಲ್ಲಿ ಕೊಪ್ಪಳಕ್ಕೆ ಹೊರಟಾಗ ನಾನು ಹಿಂದಿನ ಸೀಟಿನಲ್ಲಿದ್ದೆ, ಅತ್ತೆ ಮುಂದೆ. ಊರು ದಾಟಿದ ಮೇಲೆ ಮೊದಲ ಹಂಪ್ ಬಂತು. ಇವರು ವೇಗ ತಗ್ಗಿಸಲೇ ಇಲ್ಲ. ಯಾಕೆ ತಗ್ಗಿಸುತ್ತಾರೆ, ದೀಪ ಹೊತ್ತಿತ್ತಲ್ಲ! ನನ್ನ ನಡದಿಂದ ಕಾಲಿನ ಹೆಬ್ಬೆರಳಿನವರೆಗೆ ಕಾದ ಕಬ್ಬಿಣ ಎಳೆದಂತಾಯಿತು. ಕಿರುಚಿದೆ. ಅತ್ತೆ ಬೆಚ್ಚಿ ಎದ್ದರು.

“ಏನಾತವಾ? ನನಗಂತೂ ತೊಟ್ಟಲದಾಗ ಮಲಗಿದಂಗ ನಿದ್ದಿ ಬಂದಿತ್ತು,” ಎಂದರು.

“ಹಂಪಿನಾಗ ಗಾಡಿ ಜಿಗೀತ್ರೀ ಅತ್ತೀ.”

“ಎಲ್ಲಿ ಜಿಗೀತು?” ಎಂದರು ನನ್ನ ಗಂಡ. “ಕಂಫರ್ಟಿನಾಗ ಐತಿ. ನಿನಗ ಮದ್ಲಿಂದ ಅಂಜಿಕಿ, ಅದಕ್ಕ ಹಂಗನಸತೈತಿ.”

ಕುಕನೂರು ದಾಟುವಷ್ಟರಲ್ಲಿ ನಾನು ಸೆರಗನ್ನು ಬಾಯಲ್ಲಿ ತುರುಕಿಕೊಂಡಿದ್ದೆ. ಪ್ರತಿ ವಾರವೂ ಇದೇ ಹಾಡು. ನಾನು ಕಿರುಚುವುದು, ಅವರು ದೀಪ ತೋರಿಸುವುದು. ಅತ್ತೆಗೆ ಪ್ರತಿ ಸಲವೂ ನಿದ್ದೆ ಬರುತ್ತಿತ್ತು, ಪುಣ್ಯವಂತರು. ಓಣಿಯಲ್ಲೂ ಮಾತು ಹಬ್ಬಿತು. ಇಂಥ ಗಾಡಿಯಲ್ಲಿ ಕೂತೂ ಅಳುವವಳು ಎಂದು ಹೆಸರಾದೆ.

ಕೊನೆಗೆ ಕೊಪ್ಪಳದ ಡಾಕ್ಟರು ಕೇಳಿದರು, “ಇಷ್ಟ್ ದಿನ ಆದ್ರೂ ನೋವು ಇಳೀವಲ್ದು. ಯಾವುದರಾಗ ಬರ್ತೀರಿ? ಬಸ್ಸಿನಾಗೇನು?”

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಗಾಡಿಯ ಪುರಾಣ ಪೂರ್ತಿ ಹೇಳಿದರು. ಡಾಕ್ಟರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅಂಥ ಗಾಡಿಯಲ್ಲಿ ಕುಲುಕಾಟವೇ ಇಲ್ಲದೆ ಬಂದರೂ ದಾರಿಯುದ್ದಕ್ಕೂ ಇಷ್ಟು ನೋವೆಂದರೆ, ಮತ್ತೆ ಸ್ಕ್ಯಾನ್ ಮಾಡಿಸುವ ಮೊದಲು ಮನಸ್ಸಿನ ಡಾಕ್ಟರನ್ನು ಒಮ್ಮೆ ಕಾಣುವುದು ಒಳ್ಳೆಯದು ಎಂದರು. ಮೆಲ್ಲಗೆ, ಮರ್ಯಾದೆಯಿಂದಲೇ ಹೇಳಿದರು. ನನಗೆ ಕಪಾಳಕ್ಕೆ ಹೊಡೆದಂತಾಯಿತು.

ಮನೆಯಲ್ಲಿ ಆ ಮಾತು ಬೇಗ ಬೆಳೆಯಿತು. ಇನ್ನು ಕೊಪ್ಪಳದ ಚಿಕಿತ್ಸೆ ಬೇಡ, ಮೊದಲು ತಲೆಯ ಡಾಕ್ಟರಿಗೆ ತೋರಿಸುವುದು ಎಂದು ಅತ್ತೆ, ಗಂಡ ಇಬ್ಬರೂ ಕೂಡಿ ತೀರ್ಮಾನಿಸಿದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ, ಯಾಕೆಂದರೆ ಅಷ್ಟೊತ್ತಿಗೆ ನನಗೇ ಅನುಮಾನ ಹತ್ತಿತ್ತು. ಎಲ್ಲರೂ ಇಲ್ಲ ಎನ್ನುವ ನೋವು ನನಗೊಬ್ಬಳಿಗೇ ಇದೆಯೆಂದರೆ ನಾನು ನಿಜವಾಗಿಯೂ ಹುಚ್ಚಿಯೇ? ಒಲೆಯ ಮುಂದೆ ನಿಂತು ಬೇಕೆಂತಲೇ ನಡ ಬಗ್ಗಿಸಿ ನೋಡುತ್ತಿದ್ದೆ. ಜೀವ ಹೋದಂತೆ ನೋಯುತ್ತಿತ್ತು. ನೋಯಿತಲ್ಲ ಎಂದು ಸಮಾಧಾನಪಡುತ್ತಿದ್ದೆ. ಎಂಥ ಸ್ಥಿತಿ ಅದು, ಶತ್ರುವಿಗೂ ಬೇಡ.

ಮಲಗಿದಲ್ಲೇ ಮೊಬೈಲಿನಲ್ಲಿ ಆ ಗಾಡಿಯ ಬಗ್ಗೆ ಹುಡುಕತೊಡಗಿದೆ. ಒಂದು ವಿಡಿಯೋದಲ್ಲಿ ಹಳೇ ಕಾರು ಕೊಳ್ಳುವವರಿಗೆ ಒಬ್ಬಾತ ಬುದ್ಧಿ ಹೇಳುತ್ತಿದ್ದ. ಒಂದೇ ಮಾದರಿಯ ಕಾರುಗಳಲ್ಲಿ ಕೆಲವಕ್ಕೆ ಮಾತ್ರ ಕಂಪನಿಯಿಂದಲೇ ಈ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂದಿರುತ್ತದಂತೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಗುಂಡಿಯನ್ನು ಆಮೇಲೆ ಯಾರು ಬೇಕಾದರೂ ಕೂರಿಸಬಹುದು, ಚಕ್ರದ ಹಿಂದೆ ಕುಲುಕಾಟ ನುಂಗುವ ಕೊಳವೆಯಂಥ ಶಾಕ್ ಅಬ್ಸಾರ್ಬರ್ ಇರುತ್ತದಲ್ಲ, ಅದಕ್ಕೆ ವೈರು ಹೋಗಿದೆಯೇ ನೋಡಿ ಎಂದ. ನಾನು ಎದ್ದು ಕೂತೆ. ಎದ್ದ ರಭಸಕ್ಕೆ ಅಯ್ಯಯ್ಯೋ ಎಂದು ಮತ್ತೆ ಮಲಗಿದೆ.

ನನ್ನ ಗಂಡನಿಗೆ ಹೇಳಿದರೆ ನಕ್ಕರು. “ರೊಟ್ಟಿ ಬಡಿಯಾಕಿಗೆ ಗಾಡಿ ಉಸಾಬರಿ ಯಾಕ? ಮಾರಿದವರು ಕಂಪನಿದ ಐತಿ ಅಂತ ಆಣಿ ಮಾಡಿ ಹೇಳ್ಯಾರ.”

ಮೈ ಉರಿದುಹೋಯಿತು. ಮರುದಿನ ಅವರು ಅಂಗಡಿಗೆ ಹೋದರು, ಅತ್ತೆ ಊಟ ಮಾಡಿ ಅಡ್ಡಾದರು. ನಾನು ಜೇಡರ ಬಲೆ ತೆಗೆಯುವ ಕೋಲಿನ ತುದಿಗೆ ಮೊಬೈಲು ಕಟ್ಟಿ, ಅದರ ಟಾರ್ಚು ಹೊತ್ತಿಸಿ, ವಿಡಿಯೋ ಚಾಲೂ ಮಾಡಿ, ಬಾಗಿಲ ಮುಂದೆ ನಿಂತ ಗಾಡಿಯ ಚಕ್ರದ ಸಂದಿಗೆ ತೂರಿಸಿದೆ. ನಿಂತು ಆಗಲಿಲ್ಲ, ಕೂತು ಆಗಲಿಲ್ಲ. ಕಡೆಗೆ ಮಣ್ಣಿನಲ್ಲೇ ಬೋರಲು ಮಲಗಿದೆ.

ಎದುರು ಮನೆಯ ಅಜ್ಜಿ ಬಾಗಿಲಿಗೆ ಬಂದು ಕೇಳಿದರು, “ಏನ್ ಮಾಡಾಕತ್ತೀಯವಾ? ಬೆಕ್ಕು ಹೊಕ್ಕೈತೇನು?”

“ಹೌದಬೇ, ಬೆಕ್ಕು,” ಎಂದೆ.

“ಹೊಡಿಬ್ಯಾಡ, ಮರಿ ಹಾಕೈತೇನೋ.”

ವಿಡಿಯೋ ಸಿಕ್ಕಿತು, ಆದರೆ ಏಳಲಾಗಲಿಲ್ಲ. ಚಕ್ರ ಹಿಡಿದು ಎದ್ದೇನೆಂದರೆ ನಡ ಕೇಳಲಿಲ್ಲ. ಆ ಗಾಡಿಯ ಪಕ್ಕದಲ್ಲೇ ಬಿದ್ದುಕೊಂಡು, ಕೆನ್ನೆಗೆಲ್ಲ ಮಣ್ಣು ಮೆತ್ತಿಕೊಂಡು, ಸದ್ದಾಗದ ಹಾಗೆ ಅತ್ತುಬಿಟ್ಟೆ. ಬೆಕ್ಕಿನ ಸಲುವಾಗಿ ಇಷ್ಟು ಕಷ್ಟಪಡಬೇಕೇ ಎಂದು ಆ ಅಜ್ಜಿಯೇ ಬಂದು ರಟ್ಟೆ ಹಿಡಿದು ಎಬ್ಬಿಸಿದರು.

ವಿಡಿಯೋದಲ್ಲಿ ಒಂದು ವೈರು ಕಾಣಿಸಿತು. ಮೇಲಿನಿಂದ ಇಳಿದು ಬಂದು, ಶಾಕ್ ಅಬ್ಸಾರ್ಬರಿನ ಹತ್ತಿರ ಮಡಚಿಕೊಂಡು, ಕಪ್ಪು ಟೇಪು ಸುತ್ತಿಸಿಕೊಂಡು ಅಲ್ಲೇ ನಿಂತಿತ್ತು. ಅದಕ್ಕೆ ಮುಟ್ಟಿರಲಿಲ್ಲ. ಹಾಗೆಂದರೆ ಏನು? ವ್ಯವಸ್ಥೆ ಇದೆಯೇ, ಮೊದಲಿನಿಂದಲೂ ಇರಲಿಲ್ಲವೇ? ತಲೆ ಕೆಟ್ಟುಹೋಯಿತು. ಸಂಜೆ ನನ್ನ ಗಂಡನಿಗೆ ತೋರಿಸಿದೆ. ತಿರುಗಾ ಮುರುಗಾ ನೋಡಿದರು.

“ಬ್ರೇಕಿನ ವೈರ್ ಇರಬೇಕು,” ಎಂದರು. ದನಿಯಲ್ಲಿ ಮೊದಲಿನ ಜೋರಿರಲಿಲ್ಲ.

“ಬ್ರೇಕಿಂದೋ ಮತ್ತೊಂದರದೋ, ಗಂಗಾವತಿಗೆ ಹೋಗಿ ಕೇಳೂಣು. ಮದ್ಲ ಗಾಡೀನ ತೋರಸ್ರಿ, ಆಮ್ಯಾಲೆ ನನ್ನ ತಲಿ ತೋರಸೂಣು. ಗಾಡಿ ಮೆತ್ತಗ ಐತಿ ಅಂತ ಅವರು ಹೇಳಿಬಿಟ್ರ ನಾನ ಹುಚ್ಚಿ. ನೀವು ಎಲ್ಲಿ ಅಂತೀರೋ ಅಲ್ಲಿಗೆ ಬರ್ತೀನಿ, ಒಂದ್ ಮಾತು ಆಡಂಗಿಲ್ಲ.”

ಆಡಿಬಿಟ್ಟ ಮೇಲೆ ಯೋಚನೆ ಹತ್ತಿತು. ಗ್ಯಾರೇಜಿನವನು ಎಲ್ಲ ಸರಿಯಾಗಿದೆ ಎಂದುಬಿಟ್ಟರೆ?

ಗಂಗಾವತಿಗೆ ಹೋಗುವಾಗ ಹಿಂದಿನ ಸೀಟಿನಲ್ಲಿ ಮಲಗಿಯೇ ಹೋದೆ. ಕಿಟಕಿಯಲ್ಲಿ ಬರೀ ಆಕಾಶ ಕಾಣುತ್ತಿತ್ತು. ಕಾಲುವೆಯ ಹಸಿ ವಾಸನೆ ಬಂದಾಗ ಊರು ಹತ್ತಿರವಾಯಿತೆಂದು ತಿಳಿಯಿತು. ಮಾರಿದವರು ಹೇಳಿದ ಗ್ಯಾರೇಜು ಅಕ್ಕಿ ಮಿಲ್ಲುಗಳ ಸಾಲಿನಲ್ಲಿತ್ತು. ಅಲ್ಲಿಯ ಮೇಸ್ತ್ರಿ ಬೀಡಿ ಸೇದುತ್ತ ಹೊರಗೆ ಬಂದು ಗಾಡಿಯನ್ನು ನೋಡಿದೊಡನೆ ಹಲ್ಲು ಬಿಟ್ಟ.

“ಅರೆ, ಇದು ನಮ್ಮ ಕೈಯಾಗಿನ ಗಾಡಿ!”

ನಾನು ಬಾಗಿಲು ಹಿಡಿದು ನಿಂತು ವಿಡಿಯೋ ತೋರಿಸಿದೆ. “ಈ ವೈರ್ ಏನ್ರಿ ಅಣ್ಣಾರ?”

“ಅದಾ? ಎಲೆಕ್ಟ್ರಾನಿಕ್ ಶಾಕಿಂದು ಅಕ್ಕಾರ. ಕಂಪನಿಯಿಂದ ಬಂದಾಗ ನಾಕೂ ಗಾಲಿಗಿ ಅವ ಇದ್ದವು. ಮದ್ಲಿನ ಸಾಹೇಬ್ರು ಅಕ್ಕಿ ಚೀಲ ಹೇರಿ ಹೇರಿ ನಾಕೂ ಎಣ್ಣಿ ಉಗುಳಿದ್ವು. ಹೊಸಾವು ಇಲ್ಲಿ ಸಿಗಂಗಿಲ್ಲ, ಹೊರಗಿಂದ ತರಸಬೇಕು. ಅದಕ್ಕ ತಗದು ಸಾದಾ ಗಟ್ಟಿವು ಹಾಕೇವಿ. ಈಗ ಎಷ್ಟ್ ಚೀಲ ಬೇಕಾದ್ರೂ ಹೇರ್ರಿ.”

“ಮತ್ತ ದೀಪ ಹತ್ತತೈತಲ್ರಿ?”

“ಅದು ಹತ್ತಲೇಬೇಕಲ್ರಿ ಅಕ್ಕಾರ,” ಎಂದ, ತನ್ನ ಕೆಲಸದ ಮೇಲೆ ಅಭಿಮಾನದಿಂದ. “ವೈರ್ ಬಿಚ್ಚಿದ್ರ ಗಾಡಿ ಒದರತೈತಿ, ಕೆಂಪು ಲೈಟ್ ಬರತೈತಿ. ಅದಕ್ಕ ಶಾಕಿನ ಬದಲಿ ವೈರಿನ ತುದಿಗಿ ಒಂದೊಂದು ಸಣ್ಣ ಎಲೆಕ್ಟ್ರಾನಿಕ್ ತುಣುಕು ಕುಂದ್ರಿಸೇವಿ. ಗಾಡಿ ಎಲ್ಲಾ ಛಲೋ ಐತಿ ಅಂತ ತಿಳಕೊಂಡು ಸುಮ್ನಿರತೈತಿ.”

ನನಗೆ ಆ ಮೇಸ್ತ್ರಿಯ ಎಣ್ಣೆಗೈ ಹಿಡಿದು ಕುಣಿಯಬೇಕೆನಿಸಿತು. ನಾನು ಹುಚ್ಚಿಯಲ್ಲ! ಗಾಡಿ ಜಿಗಿದಿದ್ದು ನಿಜ, ನರ ಹಿಡಿದಿದ್ದು ನಿಜ, ಸುಟ್ಟದ್ದು ನಿಜ. ಕಣ್ಣು ತುಂಬಿ ನನ್ನ ಗಂಡನ ಕಡೆ ತಿರುಗಿದೆ. ಅವರ ಮುಖವೂ ಅರಳಿತ್ತು.

“ಅಂದ್ರ ಇತ್ತು!” ಎಂದರು. “ನೋಡಿದಿ? ಕಂಪನಿಯಿಂದ ಬಂದಾಗ ಇತ್ತು. ನಾ ಏನ್ ಸುಳ್ಳು ಹೇಳಿದ್ನೇನು? ನನಗ್ಯಾರೂ ಟೋಪಿ ಹಾಕಿಲ್ಲ.”

ಅಲ್ಲಿಯೇ ನಿಂತು ತಾಯಿಗೆ ಫೋನು ಮಾಡಿದರು. “ಯವ್ವಾ, ಒರಿಜಿನಲ್ ಗಾಡಿನ ಅಂತ. ಮದ್ಲಿನವರು ಚೀಲ ಹೇರಿ ಕೆಡಿಸ್ಯಾರ ಅಷ್ಟ.” ಗೆಳೆಯನೊಬ್ಬನಿಗೆ ಮಾಡಿದರು. ಮಾರಿದವರಿಗೂ ಮಾಡಿ, ಜಗಳವಾಡುವ ಬದಲು ನಗುನಗುತ್ತ ಮಾತಾಡಿದರು. ನಾನು ಕಂಬದ ಹಾಗೆ ನಿಂತಿದ್ದೆ. ಇಷ್ಟು ದಿನ ಮಣ್ಣು ತಿಂದು ಹುಡುಕಿದ್ದು ನಾನು, ಗೆದ್ದವರು ಅವರು.

ತಿರುಗಿ ಬರುವಾಗ ಅದೇ ಹುರುಪಿನಲ್ಲಿ ಗಾಡಿ ಓಡಿಸಿದರು. ಹೊಸ ಸಾಮಾನು ತರಿಸುತ್ತೇನೆ, ಆಮೇಲೆ ನೋಡು ಇದರ ಮಜಾ ಎಂದು ಹೇಳುತ್ತಲೇ ಇದ್ದರು. ಹಳ್ಳಿಯೊಂದರ ಮುಂದಿನ ಹಂಪ್ ಬಂತು. ವೇಗ ತಗ್ಗಲಿಲ್ಲ. ಅದೇ ಕಾದ ಕಬ್ಬಿಣ. ನಾನು ಕಿರುಚಿದೆ, ಅವರ ಬೆರಳು ಚಟದಿಂದ ಹಸಿರು ದೀಪದ ಕಡೆ ಹೋಯಿತು.

“ನಿಲ್ಲಸ್ರಿ!” ಎಂದು ಕೂಗಿದೆ. “ನಿಲ್ಲಸ್ರಿ, ಇಲ್ಲಾಂದ್ರ ಬಾಗಲಾ ತಗದು ಜಿಗೀತೀನಿ!”

ನಿಂತಿತು. ಇಳಿದು, ಒಂದು ಕೈಯಿಂದ ನಡ ಹಿಡಿದುಕೊಂಡು ರಸ್ತೆಯ ಅಂಚಿನಲ್ಲಿ ಕೊಪ್ಪಳದ ಕಡೆ ನಡೆಯತೊಡಗಿದೆ. ನಡೆದು ಊರು ಮುಟ್ಟುವವಳೇನಲ್ಲ, ಅದು ನನಗೂ ಗೊತ್ತಿತ್ತು. ಆದರೆ ಆ ಸೀಟಿನ ಮೇಲೆ ಮತ್ತೆ ಕೂರುವುದಕ್ಕಿಂತ ರಸ್ತೆಯಲ್ಲಿ ಬಿದ್ದು ಸಾಯುವುದೇ ಸುಖ ಎನಿಸಿತ್ತು. ಕಾರು ನನ್ನ ಹಿಂದೆ ತೆವಳುತ್ತ ಬಂತು. ಭತ್ತದ ಲಾರಿಗಳು ಹಾರ್ನು ಹೊಡೆದು ಸುತ್ತುಹಾಕಿ ಹೋಗುತ್ತಿದ್ದವು.

“ಏ, ಹತ್ತು. ಮಂದಿ ನೋಡಾಕತ್ತಾರ.”

“ನೋಡ್ಲಿ.”

“ಸರಿ ಮಾಡಸ್ತೀನಿ ಅಂದೇನಲ್ಲ?”

“ಗಾಡಿ ಸುದ್ದಿ ಊರಿಗೆಲ್ಲ ಫೋನ್ ಮಾಡಿ ಹೇಳಿದ್ರಿ,” ಎಂದೆ, ತಿರುಗಿ ನೋಡದೆ. “ನನ್ನ ಹೇಣ್ತಿ ಹುಚ್ಚಿ ಅಲ್ಲ ಅಂತ ಒಬ್ಬರಿಗರ ಹೇಳಿದ್ರೇನು?”

ಎಂಜಿನ್ ಸದ್ದು ನಿಂತಿತು. ಬಾಗಿಲು ತೆರೆದ ಸದ್ದು, ಆಮೇಲೆ ಚಪ್ಪಲಿಯ ಸದ್ದು. ಅವರು ಬಂದು ನನ್ನ ಮುಂದೆ ನಿಂತರು. ಒಮ್ಮೆ ರಸ್ತೆ ನೋಡಿದರು, ಒಮ್ಮೆ ನನ್ನನ್ನು ನೋಡಿದರು.

“ಎಲ್ಲಿ ಬ್ಯಾನಿ ಆಗತೈತಿ?” ಎಂದು ಕೇಳಿದರು.

ನೋವು ಎಲ್ಲಿ ಎಂದು ನಾನು ಬಿದ್ದಾಗಿನಿಂದ ಮನೆಯವರ್ಯಾರೂ ಕೇಳಿರಲಿಲ್ಲ. ಬಾಯಿಗೆ ಬಂದಂತೆ ಬೈಯಬೇಕೆಂದು ಇಟ್ಟುಕೊಂಡ ಮಾತುಗಳೆಲ್ಲ ಎಲ್ಲಿ ಹೋದವೋ. ಲಾರಿಯವರೆಲ್ಲ ನೋಡುತ್ತಿರುವಾಗಲೇ ಅವರ ಕೈ ಹಿಡಿದೆಳೆದು ನನ್ನ ನಡದ ಎಡಗಡೆಗೆ ಇಟ್ಟು, “ಇಲ್ಲಿ ನೋಡ್ರಿ, ಇಲ್ಲಿಂದ ಕಾಲ ಹೆಬ್ಬಟ್ಟಿನ ತನಕ,” ಎಂದೆ. ಆಮೇಲೆ ನಡುರಸ್ತೆಯಲ್ಲಿ ಜೋರಾಗಿ ಅತ್ತೆ.